ಅಕ್ಕನ ಬಟಾಟಿ ಹೋಳುಗಳು

ಕಪ್ಪತಗುಡ್ಡದ ಸೆರಗಿನಲ್ಲಿರುವ ಡೋಣಿ ನಮ್ಮ ಊರು. ಈಗ ಆ ಗುಡ್ಡದ ನೆತ್ತಿಯ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ನಾನು ಹೇಳಹೊರಟಿರುವುದು ಅವು ಇನ್ನೂ ಬಾರದಿದ್ದ, ಅರವತ್ತು ವರ್ಷಗಳಿಗೂ ಹಿಂದಿನ ಮಾತು.

ಒಂದು ಮುಂಜಾನೆ ಅಡುಗೆಮನೆಯ ಗೂಡಿನಲ್ಲಿ ನಾಲ್ಕು ಬಟಾಟಿ ಹೋಳುಗಳು ಸಾಲಾಗಿ ಕುಳಿತಿದ್ದವು. ಇಟ್ಟವಳು ನನ್ನ ಅಕ್ಕ. ಒಂದನ್ನು ಕೊಯ್ದು ಹಾಗೆಯೇ ಬಿಟ್ಟಿದ್ದಳು. ಎರಡನೆಯದನ್ನು ಬಟ್ಟಲು ನೀರಿನಲ್ಲಿ ಮುಳುಗಿಸಿದ್ದಳು. ಮೂರನೆಯದಕ್ಕೆ ಲಿಂಬಿಯ ಹುಳಿ ಸವರಿದ್ದಳು. ನಾಲ್ಕನೆಯದನ್ನು ಕುದಿಯುವ ನೀರಿನಲ್ಲಿ ಬೇಯಿಸಿ ತೆಗೆದಿದ್ದಳು. ಮಧ್ಯಾಹ್ನದ ಹೊತ್ತಿಗೆ ಮೊದಲನೆಯ ಹೋಳು ಕಪ್ಪಿಟ್ಟಿತ್ತು. ಉಳಿದ ಮೂರೂ ಬೆಳ್ಳಗಿದ್ದವು. ಊಟಕ್ಕೆ ಬಂದ ಅಪ್ಪನನ್ನು ಅಕ್ಕ ಕೇಳಿದಳು: “ಇದೊಂದ ಯಾಕ ಕರ್ರಗಾತು?” ಅಪ್ಪ ಹೋಳುಗಳ ಕಡೆ ಒಮ್ಮೆ ನೋಡಿ, “ಪಲ್ಯಾಕ್ಕ ತಂದ ಬಟಾಟಿ ಹಾಳ ಮಾಡಿದಿ” ಎಂದರು. ಅಲ್ಲಿಗೆ ಆ ವಿಚಾರ ಮುಗಿಯಿತು.

ಅದೇ ವರ್ಷ ಅಕ್ಕ ಏಳನೆಯ ಇಯತ್ತೆ ಪಾಸಾದಳು. ಮುಂದಿನ ಓದಿಗೆ ಗದಗಿಗೆ ಕಳುಹಿಸುವ ಮಾತು ಅವಳ ಪಾಲಿಗೆ ಏಳಲೇ ಇಲ್ಲ. ಮೂರು ವರ್ಷಗಳ ತರುವಾಯ ನನ್ನನ್ನು ಕಳುಹಿಸಿದರು. ಅಕ್ಕನಿಗೆ ಊರಿನಲ್ಲಿಯೇ ಸಂಬಂಧ ಕೂಡಿತು. ಅವಳು ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಪುಸ್ತಕಗಳು ನನ್ನ ಚೀಲ ಸೇರಿದವು.

ಧಾರವಾಡದಲ್ಲಿ ವಿಜ್ಞಾನ ಕಲಿಯುತ್ತಿದ್ದಾಗ ಒಂದು ದಿನ ಅವಳ ಪ್ರಶ್ನೆಯ ಉತ್ತರ ನನ್ನ ಪಠ್ಯಪುಸ್ತಕದಲ್ಲಿ ಸಿಕ್ಕಿತು. ಒಂದು ಕಾಗದ ಬರೆಯಬಹುದಾಗಿತ್ತು, ಬರೆಯಲಿಲ್ಲ. ಪರೀಕ್ಷೆಯಲ್ಲಿ ಬರೆದು ಅಂಕ ಗಳಿಸಿದೆ, ಮರೆತೆ.

ಕಳೆದ ವರ್ಷ ಕಮಲಾ ಸೊಹೋನಿಯವರ ಜೀವನದ ಸಂಗತಿಗಳನ್ನು ಓದುತ್ತಿದ್ದಾಗ ಆ ನಾಲ್ಕು ಹೋಳುಗಳು ಕಣ್ಣ ಮುಂದೆ ಬಂದು ನಿಂತವು. ಆಗಿನ್ನೂ ಕಮಲಾ ಭಾಗವತ್ ಆಗಿದ್ದ ಆಕೆ 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಪದವಿ ಪಡೆದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ತಂದೆಯೂ ಚಿಕ್ಕಪ್ಪನೂ ಅಲ್ಲಿಯೇ ಕಲಿತ ರಸಾಯನಶಾಸ್ತ್ರಜ್ಞರು. ಆದರೂ ನಿರ್ದೇಶಕರಾಗಿದ್ದ ಸರ್ ಸಿ. ವಿ. ರಾಮನ್ ಹೆಣ್ಣೆಂಬ ಕಾರಣಕ್ಕೆ ಒಪ್ಪಲಿಲ್ಲ. ಕಮಲಾ ಹಟ ಬಿಡಲಿಲ್ಲ. ಕೊನೆಗೆ ಒಂದು ವರ್ಷ ಪರೀಕ್ಷಾರ್ಥವಾಗಿ ಇರತಕ್ಕದ್ದೆಂಬ ಷರತ್ತಿನ ಮೇಲೆ ಪ್ರವೇಶ ದೊರೆಯಿತು. ಎಂ. ಶ್ರೀನಿವಾಸಯ್ಯನವರ ಕೈಕೆಳಗೆ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನುಗಳನ್ನು ಅಭ್ಯಸಿಸಿ 1936ರಲ್ಲಿ ಎಂ.ಎಸ್‌ಸಿ. ಪಡೆದರು. ಅಲ್ಲಿಂದ ಕೇಂಬ್ರಿಜ್‌ಗೆ ಹೋಗಿ ಕೈಗೆತ್ತಿಕೊಂಡದ್ದು, ನಮ್ಮ ಅಕ್ಕನ ಹಾಗೆಯೇ, ಬಟಾಟಿಯನ್ನು! ಜೀವಕೋಶದ ಉಸಿರಾಟಕ್ಕೆ ಬೇಕಾದ ಸೈಟೋಕ್ರೋಮ್ ಸಿ ಎಂಬ ಕಬ್ಬಿಣವುಳ್ಳ ಪ್ರೋಟೀನು ಸಸ್ಯದ ಅಂಗಾಂಶದಲ್ಲಿಯೂ ಇದೆಯೆಂದು ತೋರಿಸಿದರು. ಪ್ರಾಣಿಗಳ ದೇಹದಲ್ಲಿ ನಡೆಯುವ ಕೆಲಸವೇ ಮೂಲೆಯ ಬುಟ್ಟಿಯಲ್ಲಿ ಬಿದ್ದಿರುವ ಬಟಾಟಿಯೊಳಗೂ ನಡೆದಿದೆ! 1939ರಲ್ಲಿ ಡಾಕ್ಟರೇಟ್ ಪಡೆದು ಅವರು ಸ್ವದೇಶಕ್ಕೆ ಮರಳಿದರು.

ಆ ಲೇಖನವನ್ನು ಮಡಿಸಿಟ್ಟು ದೀಪಾವಳಿಗೆ ಡೋಣಿಗೆ ಹೋದೆ. ಅಕ್ಕ ಪಡಸಾಲೆಯಲ್ಲಿ ಕುಳಿತು ಅವರೆ ಸುಲಿಯುತ್ತಿದ್ದಳು. “ನಿನ್ನ ಬಟಾಟಿ ಯಾಕೆ ಕಪ್ಪಾಯಿತೆಂದು ಹೇಳಲು ಬಂದಿದ್ದೇನೆ” ಎಂದೆ. ಅವಳ ಕೈ ನಿಂತಿತು. ಮರೆತಿರಲಿಲ್ಲ.

ಬಟಾಟಿಯೊಳಗೆ ಕಿಣ್ವವೊಂದಿದೆ ಎಂದೆ. ಕಿಣ್ವವೆಂಬುದು ಹೊಸದಾಗಿ ಕಟ್ಟಿದ ಶಬ್ದವಲ್ಲ. ಮದ್ಯ ಹುಳಿಯಿಸುವ ಹೆಪ್ಪಿಗೆ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೇ ಆ ಹೆಸರಿದೆ. ಹುಳಿಯುವುದಕ್ಕೆ ಜೀವಂತ ಕೋಶವೇ ಬೇಕೆಂದು ಬಹುಕಾಲ ದೊಡ್ಡವರು ನಂಬಿದ್ದರು. 1897ರಲ್ಲಿ ಜರ್ಮನಿಯ ಎಡ್ವರ್ಡ್ ಬುಕ್ನರ್ ಯೀಸ್ಟನ್ನು ಮರಳಿನೊಂದಿಗೆ ಅರೆದು, ಹಿಂಡಿ, ಕೋಶವಿಲ್ಲದ ಆ ರಸಕ್ಕೆ ಸಕ್ಕರೆ ಹಾಕಿದಾಗ ಅದು ನೊರೆಯೆದ್ದಿತು. ಜೀವದ ಕೆಲಸವನ್ನು ಜೀವವಿಲ್ಲದ ವಸ್ತುವೂ ಮಾಡಬಲ್ಲುದೆಂದು ಅಂದು ತಿಳಿಯಿತು. 1926ರಲ್ಲಿ ಅಮೆರಿಕದ ಜೇಮ್ಸ್ ಸಮ್ನರ್ ಒಂದು ಬಗೆಯ ಅವರೆಯಿಂದ ಕಿಣ್ವವೊಂದನ್ನು ಹರಳಾಗಿ ತೆಗೆದು, ಅದು ಪ್ರೋಟೀನು ಎಂದು ಸಾರಿದ.

“ನಿನ್ನ ಸಂಬಂಧ ಕೂಡಿಸಿದ ಹಿರಿಯರಿದ್ದಂತೆ ಈ ಕಿಣ್ವ” ಎಂದೆ. “ಎರಡು ಕಡೆಯವರನ್ನು ಬೇಗನೆ ಕೂಡಿಸುತ್ತದೆ. ತಾನು ಮಾತ್ರ ಸವೆಯದೆ ಮುಂದಿನ ಮನೆಗೆ ನಡೆಯುತ್ತದೆ.” ಅಕ್ಕ ನಕ್ಕಳು. ಕಮಲಾ ಅವರು ಕಂಡ ಪ್ರೋಟೀನು ಬೇರೆ, ಕಪ್ಪಾಗಿಸುವ ಈ ಕಿಣ್ವ ಬೇರೆ ಎಂಬುದನ್ನೂ ಹೇಳಿದೆ. ಇದು ಬಟಾಟಿಯಲ್ಲಿರುವ ಫೀನಾಲುಗಳನ್ನು ಗಾಳಿಯ ಆಮ್ಲಜನಕದೊಡನೆ ಕೂಡಿಸುತ್ತದೆ; ಕೊನೆಗೆ ಕಪ್ಪು ಬಣ್ಣ ಹುಟ್ಟುತ್ತದೆ. ನೀರು ಗಾಳಿಯನ್ನು ತಡೆಯಿತು. ಲಿಂಬಿಯ ಹುಳಿ ಕಿಣ್ವದ ಕೈ ಕಟ್ಟಿತು. ಕುದಿಯುವ ಬಿಸಿಗೆ ಅದು ಬೆಂದ ತತ್ತಿಯ ಹಾಗೆ ರೂಪಗೆಟ್ಟಿತು.

ಅಕ್ಕ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: “ಉಸಿರಾಡತೈತಿ ಅಂದಿ. ಅಂದಮ್ಯಾಲ ಗಾಳಿ ಒಳಗೂ ಹೋಗಿರತೈತಿ. ಕಿಣ್ವಾನೂ ಒಳಗ ಐತಿ, ಆ ಇನ್ನೊಂದೂ ಒಳಗ ಐತಿ. ಹಂಗಾದ್ರ ಕೊಯ್ಯೂತನಕ ಯಾಕ ಕರ್ರಗಾಗೂದಿಲ್ಲ?”

ನನ್ನ ಬಾಯಿ ಕಟ್ಟಿತು. ಪದವಿ ಪಡೆದ ನನಗೆ ಇಷ್ಟು ವರ್ಷ ಹೊಳೆಯದ ಪ್ರಶ್ನೆ! ಆ ರಾತ್ರಿ ಹುಡುಕಿ ಓದಿದೆ. ಕಿಣ್ವವೂ ಫೀನಾಲುಗಳೂ ಕೋಶದ ಬೇರೆ ಬೇರೆ ಕೋಣೆಗಳಲ್ಲಿ ಇರುತ್ತವೆ. ಚಾಕು ಆ ಗೋಡೆಗಳನ್ನು ಒಡೆದಾಗಲೇ ಅವು ಸಂಧಿಸುತ್ತವೆ.

ಅಕ್ಕ ಏಳುವುದನ್ನೇ ಕಾದಿದ್ದು ಹೇಳಿದೆ. “ಹಂಗನ್ನು” ಎಂದಳು. ಸ್ವಲ್ಪ ತಡೆದು, “ಅಪ್ಪಗ ಹೇಳಬೇಕಾಗಿತ್ತು, ಹಾಳ ಮಾಡಿದ್ದಿಲ್ಲ ಅಂತ” ಎಂದು ಒಲೆಯ ಕಡೆ ಹೋದಳು.