ಅದಿರಿನ ಬೆಟ್ಟದಲ್ಲಿ ಜಾರಿದ ಚೈನು

ಲಿಂಗದಹಳ್ಳಿ ದಾಟಿ ಕಲ್ಲತ್ತಿಗಿರಿಯ ಕಡೆ ಹೊರಟರೆ ರಸ್ತೆ ಬದಿಯ ಮಣ್ಣು ಕೆಂಪಾಗುತ್ತಾ ಹೋಗುತ್ತದೆ. ಬಾಬಾಬುಡನ್ ಗಿರಿಶ್ರೇಣಿಯ ಕಬ್ಬಿಣದ ಅದಿರಿನ ಈ ಪಟ್ಟೆಪಟ್ಟೆ ಬಂಡೆಗಳು 250 ಕೋಟಿ ವರ್ಷಗಳಿಗೂ ಹಳೆಯವು. ಎಂದೋ ಇದ್ದ ಸಮುದ್ರದ ತಳದಲ್ಲಿ ಕಬ್ಬಿಣದ್ದೊಂದು ಪದರ, ಸಿಲಿಕಾದ್ದೊಂದು ಪದರ ಕೂತು ಕೂತು ಕಲ್ಲಾದಂಥವು. ಆ ಸಮುದ್ರದ ತಳವನ್ನು ನಾವಿಬ್ಬರೂ ಸೈಕಲ್ ತುಳಿದು ಹತ್ತುತ್ತಿದ್ದೇವೆ ಅನ್ನುವುದೇ ನನಗೆ ಮೈ ಜುಮ್ಮೆನ್ನಿಸಿತ್ತು.

ಏರು ಶುರುವಾದದ್ದೇ ತಡ, ಗೆಳೆಯನ ಮೌಂಟನ್ ಬೈಕಿನಿಂದ ‘ಟಕ್’ ಎಂದು ಸದ್ದು ಬಂತು. ಪೆಡಲ್ ಒಮ್ಮೆಲೇ ಹಗುರಾಗಿ ಕಾಲು ಕೆಳಕ್ಕೆ ಜಾರಿತು. ನಾಲ್ಕು ತುಳಿತ ಸರಿ, ಮತ್ತೆ ಟಕ್.

“ಗೇರ್ ಕೇಬಲ್ ಸಡಿಲ ಆಗಿದೆ ಕಣೋ” ಅಂದ.

“ಇರು, ಹಿಂದಕ್ಕೆ ತುಳಿದು ನೋಡೋಣ” ಅಂದೆ.

ಹಿಂದಿನ ಚಕ್ರವನ್ನು ಎತ್ತಿ ಹಿಡಿದು ಪೆಡಲನ್ನು ನಿಧಾನ ಹಿಂದಕ್ಕೆ ತಿರುಗಿಸಿದೆವು. ಚೈನಿನಲ್ಲಿ ಬಿಗಿಯಾದ ಕೊಂಡಿ ಇದ್ದರೆ, ಗೇರು ಬದಲಿಸುವ ಡಿರೇಲರಿನ ಪುಟ್ಟ ಚಕ್ರಗಳ ಮೇಲೆ ಹಾಯುವಾಗ ಅದು ಮಡಿಸಿಕೊಳ್ಳದೆ ಎದ್ದು ನಿಲ್ಲುತ್ತದೆ. ಅಂಥದ್ದು ಯಾವುದೂ ಕಾಣಲಿಲ್ಲ. ಡಿರೇಲರ್ ಹ್ಯಾಂಗರ್ ಬಾಗಿರಲಿಲ್ಲ. ಗೇರು ಏರಿಸಿದರೂ ಇಳಿಸಿದರೂ ಚುರುಕಾಗಿ ಬೀಳುತ್ತಿತ್ತು, ಕೇಬಲ್ಲಿನದೂ ತಪ್ಪಲ್ಲ. ತರೀಕೆರೆಯಿಂದ ಬರುವಾಗ ಸಮತಟ್ಟಿನಲ್ಲಿ ಸದ್ದೇ ಇರಲಿಲ್ಲ. ಈಗಲೂ ಅತಿ ದೊಡ್ಡ ಹಲ್ಲುಚಕ್ರದಲ್ಲಿ ಜಾರುತ್ತಿರಲಿಲ್ಲ. ನಡುವಿನ ಮೂರರಲ್ಲಿ ಮಾತ್ರ, ಅದೂ ಎದ್ದು ನಿಂತು ಭಾರ ಹಾಕಿ ತುಳಿದಾಗ ಮಾತ್ರ.

ಆಗ ನೆನಪಾಯಿತು: ಬೆಳಿಗ್ಗೆ ಲಾಡ್ಜಿನಲ್ಲಿ ಅವನು ಹೊಸ ಚೈನು ಹಾಕಿಕೊಂಡಿದ್ದ. ಹಳೆಯದು ಇನ್ನೂ ಬ್ಯಾಗಿನ ತಳದಲ್ಲೇ ಇತ್ತು.

ಕಲ್ಲತ್ತಿಗಿರಿಯಲ್ಲಿ, ವೀರಭದ್ರನ ಗುಡಿಯ ಪಕ್ಕ ಜಲಪಾತದ ನೀರು ಧುಮ್ಮಿಕ್ಕುವ ಜಾಗಕ್ಕೆ ತುಸು ದೂರದಲ್ಲಿ ಒಂದು ಮರದ ಕೊಂಬೆ ಹಿಡಿದೆವು. ಪ್ಲಯರ್ ಇರಲಿಲ್ಲ. ಶೂ ಲೇಸನ್ನು ಚೈನಿನ ತುದಿಗಳನ್ನು ಜೋಡಿಸುವ ಕ್ವಿಕ್ ಲಿಂಕಿನ ಎರಡೂ ಬದಿಗೆ ಸುತ್ತಿ ಜಗ್ಗಿದಾಗ ಕೊಂಡಿ ಕಳಚಿಕೊಂಡಿತು. ಹೊಸದು, ಹಳೆಯದು ಎರಡನ್ನೂ ಅಕ್ಕಪಕ್ಕ ನೇತುಹಾಕಿದೆವು. ಎರಡರಲ್ಲೂ 116 ಕೊಂಡಿ. ಮೇಲ್ತುದಿ ಸಮ, ಕೆಳಗೆ ಮಾತ್ರ ಹಳೆಯದು ಒಂದು ಇಡೀ ಕೊಂಡಿಗಿಂತಲೂ ಹೆಚ್ಚು ಉದ್ದಕ್ಕೆ ಇಳಿದಿತ್ತು!

ಉಕ್ಕು ಹಿಗ್ಗಿರಲಿಲ್ಲ. ಒಂದೂ ಪಟ್ಟಿ ಉದ್ದವಾಗಿರಲಿಲ್ಲ. ಚೈನಿನ ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್ ಅಂತರ. ಧೂಳು ಒಳನುಗ್ಗಿ ಒಂದೊಂದು ಪಿನ್ನನ್ನೂ ಅದರ ಸುತ್ತಲಿನ ತೂತನ್ನೂ ತುಸು ತುಸುವೇ ಸವೆಸಿದಾಗ ಆ ಅಂತರ ಬೆಳೆಯುತ್ತದೆ. ಪಿನ್ನಿಗೆ ಬರೀ 0.13 ಮಿಲಿಮೀಟರ್. ಕಣ್ಣಿಗೆ ಬೀಳದ ಈ ನಷ್ಟ 116 ಸಲ ಸೇರಿ ಕೊಂಬೆಯ ಕೆಳಗೆ ಹೀಗೆ ತೂಗುತ್ತಿತ್ತು. ನಾನು ಅದನ್ನು ಮುಟ್ಟಿ ಮುಟ್ಟಿ ನೋಡಿದೆ. ಅಂಟಿದ ಎಣ್ಣೆಯಲ್ಲಿ ಕೆಂಪು ಪುಡಿ ಕಲೆತು, ಬೆರಳಿಗೆ ಸಾಣೆ ಹಿಡಿಯುವ ಮುಲಾಮಿನಂತೆ ತರಿತರಿಯಾಗಿ ತಾಕಿತು.

ಅವನದು ಹತ್ತು ಗೇರಿನ ಕ್ಯಾಸೆಟ್, ಅಂದರೆ ಹಿಂದಿನ ಹಲ್ಲುಚಕ್ರಗಳ ಗೊಂಚಲು. ಇಂಥವುಗಳಲ್ಲಿ ಚೈನು 0.75% ಉದ್ದವಾದೊಡನೆ ಬದಲಿಸಬೇಕು. ಹನ್ನೊಂದು, ಹನ್ನೆರಡು ಗೇರಿನವಕ್ಕೆ 0.5% ಆದಾಗಲೇ. ಈ ಹಳೆಯ ಚೈನು 1% ದಾಟಿತ್ತು. ಅಷ್ಟು ಹೊತ್ತಿಗೆ ಚೈನು ತನ್ನ ಹೊಸ ಅಳತೆಗೆ ತಕ್ಕಂತೆ ಹಲ್ಲುಗಳನ್ನೂ ಕೊರೆದುಕೊಂಡಿರುತ್ತದೆ. ಕ್ಯಾಸೆಟ್ಟಿನ ಕೆಸರು ಒರೆಸಿ ನೋಡಿದರೆ ನಡುವಿನ ಮೂರು ಚಕ್ರಗಳಲ್ಲಿ ಹಲ್ಲಿನ ಒಂದು ಬದಿ ಒಳಸರಿದು ತುದಿ ವಾಲಿತ್ತು. ಕರಾರುವಾಕ್ಕು ಅರ್ಧ ಇಂಚಿನ ಹೊಸ ಚೈನಿಗೆ ಅಲ್ಲಿ ಕೂರಲು ಜಾಗವೇ ಇಲ್ಲ. ಭಾರ ಬಿದ್ದಾಗ ಹಲ್ಲನ್ನೇರಿ ಜಾರುತ್ತದೆ.

ಹಳೆಯದನ್ನೇ ತೊಳೆದು, ಒರೆಸಿ, ಒಂದೊಂದು ರೋಲರಿಗೆ ಒಂದೊಂದು ಹನಿ ಎಣ್ಣೆ ಬಿಟ್ಟು, ಹೊರಗಿನ ಎಣ್ಣೆಯನ್ನು ಬಟ್ಟೆಯಿಂದ ಪೂರ್ತಿ ಒರೆಸಿ ಮತ್ತೆ ಹಾಕಿದೆವು. ಎಣ್ಣೆ ಬೇಕಾದದ್ದು ಒಳಗಿನ ಪಿನ್ನಿಗೆ. ಹೊರಗೆ ಉಳಿದದ್ದು ಧೂಳನ್ನು ಕರೆಯುತ್ತದೆ, ಅಷ್ಟೆ.

ಬೆಟ್ಟದ ಮೇಲಿನ ಕೆಮ್ಮಣ್ಣುಗುಂಡಿಯವರೆಗಿನ ತಿರುವುಗಳನ್ನೆಲ್ಲ ಅವನು ನಿಂತುಕೊಂಡೇ ತುಳಿದ. ಒಂದು ಸಲವೂ ಟಕ್ ಎನ್ನಲಿಲ್ಲ! ಸವೆದ ಚೈನೂ ಸವೆದ ಹಲ್ಲೂ ಒಂದಕ್ಕೊಂದು ಇಷ್ಟು ಚೆನ್ನಾಗಿ ಹೊಂದಿಕೊಂಡದ್ದನ್ನು ಕಂಡು ನಾನು ಹಿಂದಿನಿಂದ ಕೂಗಿಕೊಂಡೆ. ಇದು ಖಾಯಂ ರಿಪೇರಿಯಲ್ಲ, ನಿಜ. ಸವೆದ ಚೈನು ಮುಂದಿನ ಚೈನ್‌ರಿಂಗನ್ನೂ ತಿನ್ನುತ್ತದೆ. ಆದರೂ ಬೆಟ್ಟ ಹತ್ತಿಸಿತು.

ಮೇಲೆ, ಹಳೆಯ ಗಣಿಯ ಕಡೆ, ಒಂದು ಕಲ್ಲು ಎತ್ತಿದರೆ ಗಾತ್ರ ನೋಡಿ ಎಣಿಸಿದ್ದಕ್ಕಿಂತ ಎಷ್ಟೋ ಭಾರ. 1923ರಲ್ಲಿ ಭದ್ರಾವತಿಯಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಶುರುವಾದ ಮೇಲೆ ಈ ಬೆಟ್ಟದ ಅದಿರು ಅಲ್ಲಿನ ಕುಲುಮೆಗೆ ಇಳಿಯುತ್ತಿತ್ತು. ಕಲ್ಲು ಕಬ್ಬಿಣವಾಗುತ್ತಿದ್ದ ದಾರಿ ಅದು; ನಮ್ಮ ಚೈನಿನಲ್ಲಿ ಆ ಕಲ್ಲೇ ಪುಡಿಯಾಗಿ ಬಂದು ಕಬ್ಬಿಣವನ್ನು ತಿನ್ನುತ್ತಿತ್ತು.

ವಾಪಸು ತರೀಕೆರೆಯಲ್ಲಿ ರೈಲು ಹತ್ತಿ, ಭದ್ರಾವತಿ ದಾಟಿ ಶಿವಮೊಗ್ಗಕ್ಕೆ ಹೋದೆವು. ಸೈಕಲ್ ಅಂಗಡಿಯವರು ಕ್ಯಾಸೆಟ್ ನೋಡಿದವರೇ “ಇದಕ್ಕೆ ಹೊಸ ಚೈನ್ ಹಾಕಿದ್ರಾ ಸಾರ್?” ಅಂದರು. ಹಳೆಯ ಕ್ಯಾಸೆಟ್ ಬಿಚ್ಚಿ ಹೊಸದನ್ನು ಕೂರಿಸಿ, ಲಾಕ್‌ರಿಂಗನ್ನು 40 ನ್ಯೂಟನ್ ಮೀಟರಿಗೆ ಬಿಗಿದರು. ಬೆಟ್ಟದ ಬುಡದಲ್ಲಿ ಜಾರುತ್ತಿದ್ದ ಅದೇ ಹೊಸ ಚೈನು ಈಗ ಹತ್ತೂ ಗೇರಿನಲ್ಲಿ ಗಟ್ಟಿಯಾಗಿ ಕಚ್ಚಿಕೊಂಡಿತು. ಅಂಗಡಿಯವರು ಪುಟ್ಟ ಚೈನ್ ಗೇಜ್ ಒಂದನ್ನು ಅವನ ಕೈಗಿಟ್ಟು, ಕೆಮ್ಮಣ್ಣಿನಲ್ಲಿ ಓಡಾಡಿ ಬಂದಾಗಲೆಲ್ಲ ಹಾಕಿ ನೋಡಲು ಹೇಳಿದರು. ಇನ್ನೊಂದು ನನಗೂ ಕೊಡಿ ಅಂದೆ.