ಸಂತೆ ಕಾಣದ ನಾಣ್ಯಗಳು

ಫಿಲಡೆಲ್ಫಿಯಾ ಟಂಕಸಾಲೆಯ ಮೇಲಂತಸ್ತಿನ ಗಾಜಿಗೆ ಹಣೆ ತಾಗಿಸಿ ಎಷ್ಟು ಹೊತ್ತು ನಿಂತಿದ್ದೆನೋ, ತಂಗಿ ಬಂದು ತೋಳು ಹಿಡಿದು ಎಳೆದಾಗಲೇ ಎಚ್ಚರವಾದದ್ದು. ಸುಮಾರು ನಲವತ್ತು ಅಡಿ ಕೆಳಗೆ ಪ್ರೆಸ್ಸುಗಳು ಒಂದೇ ಸಮನೆ ನಾಣ್ಯ ಉದುರಿಸುತ್ತಿದ್ದವು. ಕಣದಲ್ಲಿ ರಾಗಿ ತೂರುವಾಗ ಕಾಳು ಸುರಿಯುವುದನ್ನು ನೋಡಿ ಬೆಳೆದವಳು ನಾನು. ದುಡ್ಡು ಹಾಗೆ ರಾಶಿ ಬೀಳುವುದನ್ನು ಕಂಡದ್ದು ಅದೇ ಮೊದಲು.

ಈ ಊರಿನ ಟಂಕಸಾಲೆ ಶುರುವಾದದ್ದು 1792ರಲ್ಲಿ. ಈಗಿರುವುದು ನಾಲ್ಕನೆಯ ಕಟ್ಟಡ, 1969ರದು. ಒಳಗೊಂದು ಗಾಜಿನ ಪೆಟ್ಟಿಗೆಯಲ್ಲಿ ಪೀಟರ್ ಎಂಬ ಹದ್ದು ಕೂತಿದೆ. 1830ರ ದಶಕದಲ್ಲಿ ಟಂಕಸಾಲೆಯನ್ನೇ ಮನೆ ಮಾಡಿಕೊಂಡಿದ್ದ ಹಕ್ಕಿಯಂತೆ. ಯಂತ್ರಕ್ಕೆ ರೆಕ್ಕೆ ಸಿಕ್ಕಿ ಸತ್ತಿತು, ಅದರ ದೇಹವನ್ನು ಇಂದಿಗೂ ಕಾಪಾಡಿಕೊಂಡು ಬಂದಿದ್ದಾರೆ.

ಆದರೆ ನಾನು ಏಳು ಸಮುದ್ರ ದಾಟಿ ಬಂದದ್ದು ರಾಶಿ ನೋಡುವುದಕ್ಕಲ್ಲ, ಆ ರಾಶಿಗೆ ಸೇರದ ನಾಣ್ಯಗಳಿಗಾಗಿ. ಅವಕ್ಕೆ ಪ್ರೂಫ್ ಎನ್ನುತ್ತಾರೆ. ಅಚ್ಚನ್ನು ಕನ್ನಡಿಯಾಗುವಂತೆ ಉಜ್ಜುತ್ತಾರೆ, ಬಿಲ್ಲೆಗೂ ಮೆರುಗು ಕೊಡುತ್ತಾರೆ, ಆಮೇಲೆ ಅವಸರವಿಲ್ಲದೆ ಒತ್ತುತ್ತಾರೆ. ಇಲ್ಲಿನ ಮುಖ್ಯ ಟಂಕಗಾರನಾಗಿದ್ದ ಆಡಂ ಎಕ್‌ಫೆಲ್ಟ್ ಅಂದವಾಗಿ ಮೂಡಿದ ನಾಣ್ಯಗಳನ್ನು ಎತ್ತಿಡುತ್ತಿದ್ದ. 1838ರಲ್ಲಿ ಶುರುವಾದ ಟಂಕಸಾಲೆಯ ಸಂಗ್ರಹಕ್ಕೆ ಅವೇ ಬುನಾದಿ. 1858ರಿಂದ ಪ್ರೂಫ್‌ಗಳನ್ನು ಜನರಿಗೂ ಮಾರತೊಡಗಿದರು.

ಮರುದಿನ ಊರಾಚೆಯ ಒಂದು ನಾಣ್ಯದ ಅಂಗಡಿಗೆ ಹೋದೆವು. ಅಂಗಡಿಯ ಹಿರಿಯರು ಕರಿ ಮಖಮಲ್ಲು ಹಾಸಿ, ದೀಪ ತಗ್ಗಿಸಿ, 1942ರ ಪ್ರೂಫ್ ಸೆಟ್ಟನ್ನು ಒಂದೊಂದಾಗಿ ಜೋಡಿಸಿದರು. ಆರು ನಾಣ್ಯ, ಆರೂ ಪಾರದರ್ಶಕ ಗಟ್ಟಿ ಪ್ಲಾಸ್ಟಿಕ್ಕಿನೊಳಗೆ. ಮುಖಬೆಲೆ ಕೂಡಿಸಿದರೆ 96 ಸೆಂಟು.

ಅರ್ಧ ಡಾಲರನ್ನು ಕೈಗೆ ಕೊಟ್ಟು, "ಸ್ವಲ್ಪ ಓರೆ ಮಾಡಿ ನೋಡಿ" ಎಂದರು. ಓರೆ ಮಾಡಿದೆ. ಬೆಳ್ಳಿಯ ಬಯಲು ಒಮ್ಮೆಲೇ ಕಪ್ಪಾಯಿತು, ಅಮಾವಾಸ್ಯೆಯ ರಾತ್ರಿ ಬಾವಿಗೆ ಇಣುಕಿದ ಹಾಗೆ. ಇನ್ನೊಂದು ಕಡೆಗೆ ಹೊರಳಿಸಿದರೆ ಅದೇ ಬಯಲಿಗೆ ಬೆಳಕು ನುಗ್ಗಿತು, ಹುಟ್ಟುವ ಸೂರ್ಯನತ್ತ ಹೆಜ್ಜೆ ಹಾಕುತ್ತಿರುವ ಹೆಂಗಸು ಎದ್ದು ಬಂದಳು. ಅವಳ ಸೆರಗಿನಂಥ ಬಟ್ಟೆಯ ಒಂದೊಂದು ನೆರಿಗೆಯನ್ನೂ ಎಣಿಸಬಹುದಿತ್ತು. ಅಡಾಲ್ಫ್ ವೈನ್‌ಮನ್ ರೂಪಿಸಿದ ಈ ನಾಣ್ಯ ಆ ವರ್ಷ ಪ್ರೂಫ್ ಆಗಿ ಹುಟ್ಟಿದ್ದು 21,120 ಮಾತ್ರ.

ಸೆಟ್ಟಿನಲ್ಲಿ ಐದು ಸೆಂಟಿನ ನಾಣ್ಯ ಎರಡಿದ್ದವು. ಯುದ್ಧಕ್ಕೆ ನಿಕಲ್ ಬೇಕಾಗಿ, ಆ ವರ್ಷದ ನಡುವೆಯೇ ಅದನ್ನು ಬಿಟ್ಟು, ನೂರಕ್ಕೆ 35 ಪಾಲು ಬೆಳ್ಳಿ ಬೆರೆಸಿ ಐದು ಸೆಂಟು ಮಾಡಿದರು. ಗುರುತಿಗೆಂದು, ನಾಣ್ಯದ ಹಿಂಬದಿಯಲ್ಲಿರುವ ಜೆಫರ್ಸನ್ ಮನೆಯ ಗುಮ್ಮಟದ ಮೇಲೆ ದೊಡ್ಡ 'ಪಿ' ಅಕ್ಷರ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಒಂದು ಯುದ್ಧ ಅಂಗೈಯಗಲದ ಜಾಗದಲ್ಲಿ ತನ್ನ ಗುರುತು ಬಿಟ್ಟು ಹೋಗಿತ್ತು. ಮುಂದಿನ ವರ್ಷ ಪ್ರೂಫ್ ನಿಂತಿತು. ಮತ್ತೆ ಶುರುವಾದದ್ದು 1950ರಲ್ಲಿ.

ಇಂಥ ನಾಣ್ಯ ಎಷ್ಟು ಚೆನ್ನಾಗಿ ಉಳಿದಿದೆ ಎಂದು ಅಳೆಯುವುದಕ್ಕೆ ಗ್ರೇಡಿಂಗ್ ಎನ್ನುತ್ತಾರೆ, ಒಂದರಿಂದ 70ರವರೆಗಿನ ಅಂಕ. 1949ರಲ್ಲಿ ವಿಲಿಯಂ ಶೆಲ್ಡನ್ ಹಳೆಯ ತಾಮ್ರದ ಸೆಂಟುಗಳಿಗೆಂದು ಮಾಡಿದ ಲೆಕ್ಕ ಅದು. ಕೂದಲೆಳೆಯಷ್ಟು ಗೀರೂ ಅಂಕ ಕಡಿಮೆ ಮಾಡುತ್ತದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಕಂಚಿನ ಒಂದು ಸೆಂಟು. ಬೆಳ್ಳಿ ಹೇಗೋ ಬಾಳುತ್ತದೆ, ಕಂಚನ್ನು ಗಾಳಿಯೇ ತಿನ್ನುತ್ತದೆ. ಅದಕ್ಕೇ ಅಂಕದ ಜೊತೆ ಬಣ್ಣವನ್ನೂ ಬರೆಯುತ್ತಾರೆ: ಕೆಂಪು, ಕೆಂಗಂದು, ಕಂದು. ಈ ಸೆಂಟಿನ ಮೇಲಿನ ಲಿಂಕನ್ ಇನ್ನೂ ಕೆಂಪಗಿದ್ದ, ಅಂಚಿನಲ್ಲಿ ಮಾತ್ರ ನೇರಳೆಯ ತೆಳು ಗೆರೆ.

"ಇದನ್ನು ಯಾರೂ ತೊಳೆದಿಲ್ಲ" ಎಂದರು ಹಿರಿಯರು. ಎದೆ ಧಸಕ್ಕೆಂದಿತು. ನಮ್ಮ ಮನೆಯ ದೇವರ ಪೆಟ್ಟಿಗೆಯಲ್ಲಿ ಅಜ್ಜಿಯ ಐದು ಬೆಳ್ಳಿ ರೂಪಾಯಿಗಳಿವೆ. ಪ್ರತಿ ವರಮಹಾಲಕ್ಷ್ಮಿಗೂ ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗಿದವಳು ನಾನೇ. ಜಾರ್ಜ್ ದೊರೆಯ ಕೆನ್ನೆ ಸವೆದು ನುಣ್ಣಗಾಗಿದೆ. ಅದನ್ನು ಹೇಳಿದಾಗ ಅವರು ಬೈಯಲಿಲ್ಲ. ದೇವರಿಗೆ ಇಟ್ಟ ನಾಣ್ಯಕ್ಕೆ ಅಂಕ ಯಾಕೆ ಎಂದರು.

ಆ ಸೆಟ್ಟು ಕೊಳ್ಳುವಷ್ಟು ಹಣ ನನ್ನಲ್ಲಿರಲಿಲ್ಲ, ಅವರೂ ಒತ್ತಾಯಿಸಲಿಲ್ಲ. ಹೊರಡುವಾಗ ಗಲ್ಲಾದ ಪಕ್ಕದ ಭರಣಿಗೆ ಕೈ ಹಾಕಿ ಹುಡುಕಿ ಒಂದು ಸೆಂಟು ತೆಗೆದು ನನ್ನ ಅಂಗೈಯಲ್ಲಿಟ್ಟರು. ಅದೂ 1942ರದೇ, ಅದೇ ಟಂಕಸಾಲೆಯದು. ಇಸವಿ ಓದಲು ಭೂತಗನ್ನಡಿ ಬೇಕಾಯಿತು. ಮಖಮಲ್ಲಿನ ಮೇಲೆ ಅದರ ಒಡಹುಟ್ಟು ಇನ್ನೂ ಕೆಂಪಗೆ ಹೊಳೆಯುತ್ತಿತ್ತು. ನನ್ನದನ್ನು ರೈಲಿನಲ್ಲಿ ದಾರಿಯುದ್ದಕ್ಕೂ ಹೆಬ್ಬೆರಳಿನಿಂದ ಸವರುತ್ತಲೇ ಬಂದೆ.