ತಪಸ್ಸುಕಾಲದ ದರಗು

ಫೋಟೋದಲ್ಲಿರೋದು ಬರೀ ದರಗು. ಕೊಟ್ಟಿಗೆಗೆ, ಅಡಿಕೆ ತೋಟಕ್ಕೆ ಹಾಕೋಕೆ ಸೊಪ್ಪಿನ ಬೆಟ್ಟದಿಂದ ಗುಡಿಸಿ ತಂದಿದ್ದು. ಸಾಗರ, ಹೊಸನಗರ, ತೀರ್ಥಹಳ್ಳಿಯವರಿಗೆ ಇದನ್ನ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳ್ತಿದೀನಿ.

ಮಂಗನ ಕಾಯಿಲೆ ಹರಡೋ ಉಣುಗು ಇರೋದೂ ಈ ದರಗಲ್ಲೇ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಪತ್ತೆಯಾದ ರೋಗ. ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ. ನಮ್ಮ ತಪಸ್ಸುಕಾಲ ಪ್ರತಿ ವರ್ಷ ಸರಿಯಾಗಿ ಅದರ ನಡುವೆ ಬೀಳುತ್ತೆ. ಸಾಗರ ತಾಲೂಕಿನ ಅರಳಗೋಡು ಸುತ್ತ ಹಲವರು ತೀರಿಕೊಂಡ ಸೀಸನ್ ನೆನಪಿದ್ಯಾ? ಆಗ ಬೂದಿ ಬುಧವಾರ 2019ರ ಮಾರ್ಚ್ 6ಕ್ಕಿತ್ತು.

ಈಗ ನಮ್ಮ ಕಡೆಯ ಒಂದು ಚರ್ಚಿನ ವಿಷಯ. ಹೆಸರು ಬೇಡ. ಪೂಜೆ ಮುಗಿದ ಮೇಲೆ ಅಂಗಳದಲ್ಲಿ ದೊಡ್ಡ ಚರ್ಚೆ: ಶುಕ್ರವಾರ ಮೊಟ್ಟೆ ತಿನ್ನಬಹುದಾ, ಬಂಗುಡೆ ಆಗುತ್ತಾ? ಅರ್ಧ ಗಂಟೆ! ಅದೇ ವಾರ ಅಲ್ಲೇ ಒಬ್ಬರ ತೋಟಕ್ಕೆ ದರಗು ಹೊರುವ ಅಕ್ಕ ಜ್ವರ ಬಂದು ಮಲಗಿದ್ರು. ಡಿಎಂಪಿ ಎಣ್ಣೆ ಹಚ್ಚಿಕೊಳ್ಳದೇ ಬೆಟ್ಟಕ್ಕೆ ಹೋಗಿದ್ರು, ಯಾರೂ ಕೊಟ್ಟಿರಲಿಲ್ಲ. ತೋಟದ ಯಜಮಾನರು ಮರುದಿನ ಬೇರೆ ಹೆಂಗಸನ್ನ ಕಳಿಸಿದ್ರು, ಅವರಿಗೂ ಎಣ್ಣೆ ಇಲ್ಲ. ಸಂಜೆ ಶಿಲುಬೆಯ ಹಾದಿಯಲ್ಲಿ ಮುಂದೆ ಶಿಲುಬೆ ಹಿಡಿದವರು ಅವರೇ.

ನಾನು ಕೇಳಿದ್ದಕ್ಕೆ ಒಬ್ಬ ಆಂಟಿ ಹೇಳಿದ್ದು: "ಅವಳು ನಮ್ಮ ಚರ್ಚಿನವಳಲ್ವಲ್ಲ ಮಗಾ."

ಯೇಸು ಹೇಳಿದ ಕಥೆಯಲ್ಲಿ ದಾರಿಯಲ್ಲಿ ಬಿದ್ದವನನ್ನ ಎತ್ತಿಕೊಂಡ ಸಮಾರ್ಯದವನೂ ಅವರ ಕಡೆಯವನಲ್ಲ. ನೋಡಿಯೂ ದಾಟಿ ಹೋದದ್ದು ಯಾಜಕ. ಭಾನುವಾರದ ಕ್ಲಾಸಲ್ಲಿ ಇದಕ್ಕೆ ನಾಟಕ ಮಾಡಿಸಿದ್ದು ಇದೇ ಆಂಟಿ, ಅದು ಬೇರೆ ಮಾತು.

ಯೆಶಾಯನ ಪುಸ್ತಕದ 58ನೇ ಅಧ್ಯಾಯ ತೆಗೆದು ನೋಡಿ. ಉಪವಾಸದ ದಿನವೇ ಆಳುಗಳನ್ನ ಹಿಂಡೋರ ಮೇಲೆ ಪ್ರವಾದಿಗೆ ಎಂಥ ಸಿಟ್ಟು! ಬಂಗುಡೆ ಬಗ್ಗೆ ಒಂದು ಮಾತೂ ಇಲ್ಲ.

ಆ ಅಕ್ಕ ಎದ್ದಿದ್ದಾರೆ. ಸುಸ್ತು ಮಾತ್ರ ಹೋಗಿಲ್ಲ, ಅಷ್ಟು ವಾರದ ಕೂಲಿಯೂ ಇಲ್ಲ. ನಾವು ನಾಲ್ಕು ಜನ ಯೂತ್ ಗ್ರೂಪಿನವರು ಮೊದಲು ಅವರ ಮನೆಗೆ ಅಕ್ಕಿ ತಲುಪಿಸಿದ್ವಿ, ಆಮೇಲೆ ಯಜಮಾನರ ಹತ್ರ ಕೂಲಿ ಮಾತಾಡೋಕೆ ಹೋದ್ವಿ. "ಈಸ್ಟರ್ ಆದ್ಮೇಲೆ ನೋಡೋಣ" ಅಂದ್ರು. ಈಸ್ಟರ್ ಮರುದಿನ ಸೋಮವಾರ ಮತ್ತೆ ಹೋಗ್ತೀವಿ.

ನಿಮ್ಮ ಮನೆಗೂ ಯಾರಾದ್ರೂ ದರಗು ತರ್ತಾರಾ? ಎಣ್ಣೆ ಆರೋಗ್ಯ ಕೇಂದ್ರದಲ್ಲಿ ಕೇಳಿ, ಅವರು ಬೆಟ್ಟ ಹತ್ತೋಕೆ ಮೊದಲೇ ಕೈಗೆ ಕೊಡಿ. ಸತ್ತ ಮಂಗ ಕಂಡ್ರೆ ಹತ್ರ ಹೋಗಬೇಡಿ, ಆಶಾ ಅಕ್ಕನಿಗೆ ಫೋನ್ ಮಾಡಿ.